ಅಪ್ಪಾಜಿಯ ಡಯಾಲಿಸಿಸ್ ದಿನಗಳಿಗೆ ಯಾವ ಕ್ಯಾಲೆಂಡರ್?

ಮಂಗಳವಾರ, ಗುರುವಾರ, ಶನಿವಾರ ಅಪ್ಪಾಜಿಗೆ ಡಯಾಲಿಸಿಸ್. ಪ್ರತಿ ಸಲ ನಾಲ್ಕು ಗಂಟೆ. ದಾವಣಗೆರೆಯ ವಿದ್ಯಾನಗರದ ಮನೆಯಲ್ಲಿ ಅವರೊಂದಿಗೆ ಇರುವವನು ನಾನು. ಹರಿಹರದಿಂದ ಅಕ್ಕ ಬರುತ್ತಾಳೆ, ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ಅಣ್ಣ. ಡಯಾಲಿಸಿಸ್‌ಗೆ ಕರೆದೊಯ್ಯುವ ಸರದಿ ಯಾರದು, ಯಾವಾಗ ಎಂದು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯುತ್ತಿದ್ದೆ. ದೂರದಲ್ಲಿದ್ದ ಅವರಿಬ್ಬರಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಅಕ್ಕನದೂ ನನ್ನದೂ ಆಂಡ್ರಾಯ್ಡ್ ಫೋನ್, ಅಣ್ಣನದು ಐಫೋನ್, ನನ್ನ ಕಚೇರಿಯಲ್ಲಿ ವಿಂಡೋಸ್ ಕಂಪ್ಯೂಟರ್. ಎಲ್ಲದರಲ್ಲೂ ಒಂದೇ ಪಟ್ಟಿ ಕಾಣಬೇಕು, ಮೂವರೂ ಅದನ್ನು ತಿದ್ದುವಂತಿರಬೇಕು. ಹೀಗೆಂದುಕೊಂಡು ನಾಲ್ಕು ಸೇವೆಗಳನ್ನು ಎರಡೆರಡು ವಾರ ಬಳಸಿ ನೋಡಿದೆವು.

ಅಣ್ಣನ ಮಾತಿನಂತೆ ಮೊದಲು ಆಪಲ್‌ನ ಐಕ್ಲೌಡ್. ಮನೆಮಂದಿಯೆಲ್ಲ ಐಫೋನ್ ಹಿಡಿದಿದ್ದರೆ ನಾನು ಮುಂದೆ ಹುಡುಕುತ್ತಲೇ ಇರಲಿಲ್ಲ, ಅಷ್ಟು ಸರಾಗ. ಆದರೆ ಆಂಡ್ರಾಯ್ಡ್‌ಗೆ ಆಪಲ್ ತನ್ನ ಕ್ಯಾಲೆಂಡರ್ ಆ್ಯಪ್ ಕೊಟ್ಟಿಲ್ಲ. ಬೇರೆ ಬೇರೆ ಆ್ಯಪ್‌ಗಳಲ್ಲಿ ಒಂದೇ ಕ್ಯಾಲೆಂಡರ್ ಕಾಣುವಂತೆ ಮಾಡುವ ಕ್ಯಾಲ್‌ಡಾವ್ ಎಂಬ ವ್ಯವಸ್ಥೆಯಲ್ಲಿ, ಡಾವ್‌ಎಕ್ಸ್5 ಎಂಬ ಬೇರೆ ಆ್ಯಪ್ ಹಾಕಿ, ಆಪಲ್ ಖಾತೆಯಿಂದ ಪ್ರತ್ಯೇಕ ಪಾಸ್‌ವರ್ಡ್ ಪಡೆದರೆ ಹೊಂದಿಸಬಹುದು. ನನ್ನ ಫೋನಿಗೆ ಮಾಡಿಕೊಂಡೆ. ಅಕ್ಕನ ಫೋನಿಗೆ ಇಷ್ಟೆಲ್ಲ ಹೊರೆ ಹೊರಿಸಲು ಮನಸ್ಸು ಬರಲಿಲ್ಲ.

ಮೈಕ್ರೋಸಾಫ್ಟ್‌ನ ಔಟ್‌ಲುಕ್ ಕಚೇರಿಯ ಸಭೆಗಳಿಗೆ ಹೇಳಿ ಮಾಡಿಸಿದಂತಿದೆ. ಮನೆಯ ಮೂವರಿಗಾಗಿ ಹೊಸ ಖಾತೆಗಳನ್ನು ತೆರೆಯುವಷ್ಟು ಹೆಚ್ಚಿನ ಅನುಕೂಲ ಅದರಲ್ಲಿ ನನಗೆ ಕಾಣಲಿಲ್ಲ.

ನನ್ನನ್ನು ನಿಜಕ್ಕೂ ಸೆಳೆದದ್ದು ಪ್ರೋಟಾನ್ ಕ್ಯಾಲೆಂಡರ್. ಕಾರ್ಯಕ್ರಮದ ಹೆಸರು, ಸ್ಥಳ, ವಿವರಗಳು ಗೂಢಲಿಪಿಯಾಗಿಯೇ ಸರ್ವರ್ ಸೇರುತ್ತವೆ. ಸೇವೆ ನಡೆಸುವವರಿಗೂ ಓದಲು ಬರುವುದಿಲ್ಲ. ತಂದೆಯ ಕಾಯಿಲೆಯ ವಿಷಯ ಬರೆಯುವಾಗ ಇದು ಸಣ್ಣ ಮಾತಲ್ಲ. ಆದರೆ ಅದೇ ಕಾರಣಕ್ಕೆ ಫೋನಿನಲ್ಲಿ ಮೊದಲೇ ಇರುವ ಕ್ಯಾಲೆಂಡರ್ ಜೊತೆ ಅದು ಬೆರೆಯುವುದಿಲ್ಲ, ಕ್ಯಾಲ್‌ಡಾವ್ ಕೂಡ ಇಲ್ಲ. ಒಬ್ಬನೇ ಬಳಸುವುದಾಗಿದ್ದರೆ ಇದನ್ನೇ ಇಟ್ಟುಕೊಳ್ಳುತ್ತಿದ್ದೆ.

ಕೊನೆಗೆ ನಿಂತದ್ದು ಗೂಗಲ್ ಕ್ಯಾಲೆಂಡರ್. ಬ್ರೌಸರ್‌ನಲ್ಲಿ ‘ಅಪ್ಪಾಜಿ’ ಎಂಬ ಹೊಸ ಕ್ಯಾಲೆಂಡರ್ ತೆರೆದು, ಅಣ್ಣನಿಗೂ ಅಕ್ಕನಿಗೂ ತಿದ್ದುವ ಅನುಮತಿ ಕೊಟ್ಟೆ. ಬರೀ ನೋಡುವ ಅನುಮತಿ ಕೊಟ್ಟರೆ ಸರದಿ ಬದಲಿಸಲು ಮತ್ತೆ ನನಗೇ ಫೋನ್ ಮಾಡಬೇಕಾಗುತ್ತದೆ. ಅಣ್ಣ ಐಫೋನಿನಲ್ಲಿ ಗೂಗಲ್‌ನ ಆ್ಯಪನ್ನೇ ಹಾಕಿಕೊಂಡಿದ್ದಾನೆ. ಒಂದು ಗುರುವಾರವನ್ನು ಶುಕ್ರವಾರಕ್ಕೆ ಸರಿಸುವಾಗ ‘ಈ ಒಂದು ಕಾರ್ಯಕ್ರಮ ಮಾತ್ರ’ ಎಂದು ಆರಿಸಬೇಕು, ಇಲ್ಲವಾದರೆ ಮುಂದಿನ ಗುರುವಾರಗಳೂ ಸರಿಯುತ್ತವೆ. ಇನ್ನೊಂದು ವಿಷಯ ತಡವಾಗಿ ತಿಳಿಯಿತು: ಕ್ಯಾಲೆಂಡರ್ ಹಂಚಿಕೊಂಡರೂ ನಾನು ಇಟ್ಟ ರಿಮೈಂಡರ್ ನನಗಷ್ಟೇ ಬರುತ್ತದೆ, ಪ್ರತಿಯೊಬ್ಬರೂ ತಮ್ಮದನ್ನು ತಾವೇ ಇಟ್ಟುಕೊಳ್ಳಬೇಕು.

ಕಚೇರಿಯ ಔಟ್‌ಲುಕ್‌ನಲ್ಲಿ ಇದನ್ನು ಲಿಂಕ್ ಮೂಲಕ ಸೇರಿಸಿ ನೋಡಿದೆ. ಹಾಗೆ ಸೇರಿಸಿದ್ದು ಓದಲಿಕ್ಕೆ ಮಾತ್ರ, ಬದಲಾವಣೆ ಕಾಣಲು ಹಲವು ಗಂಟೆ ಹಿಡಿಯಬಹುದು. ಬೆಳಿಗ್ಗೆ ಬದಲಾದ ಸರದಿ ಸಂಜೆ ತಿಳಿದು ಏನು ಉಪಯೋಗ? ಈಗ ಕಚೇರಿಯಲ್ಲಿಯೂ ಬ್ರೌಸರ್‌ನಲ್ಲಿ ಗೂಗಲನ್ನೇ ತೆರೆದಿಡುತ್ತೇನೆ.

ಒಂದು ಶನಿವಾರ ಮಾತ್ರ ಎಡವಿದೆವು. ಅಕ್ಕ ಬರೆದ ಬದಲಾವಣೆ ನನಗೆ ಕಾಣಲೇ ಇಲ್ಲ. ಅಪ್ಪಾಜಿ ಸಿದ್ಧರಾಗಿ ಜಗುಲಿಯಲ್ಲಿ ಮುಕ್ಕಾಲು ಗಂಟೆ ಕಾದರು. ನೋಡಿದರೆ ಅಕ್ಕ ಅದನ್ನು ಖಾತೆಗೆ ಸೇರದ, ಆ ಫೋನಿನೊಳಗೆ ಮಾತ್ರ ಉಳಿಯುವ ಕ್ಯಾಲೆಂಡರ್‌ನಲ್ಲಿ ಬರೆದಿದ್ದಳು. ಈಗ ಅದನ್ನು ಮರೆಮಾಡಿ, ಬದಲಾವಣೆಗಳು ತಡವಾಗದಿರಲೆಂದು ಬ್ಯಾಟರಿ ಉಳಿತಾಯದ ಪಟ್ಟಿಯಿಂದಲೂ ಗೂಗಲ್ ಕ್ಯಾಲೆಂಡರನ್ನು ಹೊರಗಿಟ್ಟಿದ್ದೇನೆ. ಗುಟ್ಟಿನ ವಿಷಯದಲ್ಲಿ ಪ್ರೋಟಾನ್ ಕಲಿಸಿದ್ದನ್ನೂ ಬಿಟ್ಟಿಲ್ಲ: ಕ್ಯಾಲೆಂಡರ್‌ನಲ್ಲಿ ಸಮಯ ಮತ್ತು ಕರೆದೊಯ್ಯುವವರ ಹೆಸರು ಮಾತ್ರ ಇರುತ್ತವೆ, ರಕ್ತಪರೀಕ್ಷೆಯ ವಿವರಗಳೆಲ್ಲ ಕಾಗದದ ಕಡತದಲ್ಲಿ.

ಅಪ್ಪಾಜಿ ಸ್ಮಾರ್ಟ್‌ಫೋನ್ ಬಳಸುವುದಿಲ್ಲ. ಅವರಿಗಾಗಿ ಪ್ರತಿ ಭಾನುವಾರ ಸಂಜೆ ಆ ವಾರದ ಮೂರು ಹೆಸರುಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ.