ಜೇನಿಗೆಂದು ‘ಕಾಡು ಹೂವಿನ ಬೀಜ’ ಕೊಳ್ಳುವವರೇ, ದುಡ್ಡು ಕಳಿಸುವ ಮೊದಲು ಇದನ್ನು ಓದಿ

ಮುಂಗಾರು ಹತ್ತಿರವಾಗುತ್ತಿದ್ದಂತೆ ‘ಪಶ್ಚಿಮ ಘಟ್ಟದ ಅಪ್ಪಟ ಕಾಡು ಹೂಗಳು, ಜೇನು–ಚಿಟ್ಟೆಗಳಿಗಾಗಿ’ ಎಂಬ ಜಾಹೀರಾತು ಮೊಬೈಲಿನಲ್ಲಿ ಬಿಡದೆ ಕಾಡುತ್ತದೆ. ದಯವಿಟ್ಟು ಹಣ ಹಾಕಬೇಡಿ. ನೂರು ಗ್ರಾಂ ಪೊಟ್ಟಣಕ್ಕೆ 750 ರೂಪಾಯಿ ತೆತ್ತು ನಾನು ಬೆಳೆಸಿದ್ದು ಕಾಸ್ಮಾಸ್. ಹೌದು, ಶಾಲೆಗಳ ಮುಂದೆ ಕಾಣುವ ಅದೇ ಕಿತ್ತಳೆ ಬಣ್ಣದ ಕಾಸ್ಮಾಸ್. ಅದರ ತವರು ಮೆಕ್ಸಿಕೋ!

ಪೊಟ್ಟಣದ ಮೇಲೆ ಅಚ್ಚಾಗಿದ್ದ ಹೆಸರುಗಳು ತುಂಬೆ, ಆವರಿಕೆ, ಕರ್ಣಕುಂಡಲ, ಗಿಜಿಗಿಜಿ ಗಿಡ. ಬಡಾವಣೆ ಮಾಡಲು ಜೆಸಿಬಿ ಹರಿಸಿದ ಮೇಲೆ ನಮ್ಮ ಕಡೆ ಬದುವೂ ಉಳಿದಿಲ್ಲ, ಬದುವಿನ ತುಂಬೆಯೂ ಉಳಿದಿಲ್ಲ. ಅದಕ್ಕೇ ತರಿಸಿದ್ದು.

ಬಿಡಿಸಿದಾಗ ಒಳಗೆ ಹೆಚ್ಚಿನವು ಸೂಜಿಯಂತೆ ಉದ್ದನೆಯ, ತುಸು ಬಾಗಿದ ಕಪ್ಪು ಬೀಜಗಳು. ಆವರಿಕೆಯ ಚಪ್ಪಟೆ ಬೀಜ ಒಂದೂ ಇಲ್ಲ. ಆಗಲೇ ಫೋಟೊ ಕಳಿಸಿ ಕೇಳಿದೆ. ಉತ್ತರ: “ಕಾಡಿನ ಬೀಜ ಹೀಗೆಯೇ ಇರುತ್ತದೆ ಮೇಡಂ, ಬಿತ್ತಿ ನೋಡಿ.” ಇನ್ನೊಂದಷ್ಟು ಬೀಜಗಳಿಗೆ ಢಾಳಾದ ಗುಲಾಬಿ ಬಣ್ಣ, ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಮೆಕ್ಕೆಜೋಳ, ಹತ್ತಿ ಬಿತ್ತುವವರಿಗೆ ಆ ಬಣ್ಣ ಚೆನ್ನಾಗಿ ಗೊತ್ತು: ಔಷಧಿ ಲೇಪಿಸಿದೆ, ತಿನ್ನಬೇಡಿ ಎಂಬ ಎಚ್ಚರಿಕೆ ಅದು. ಅದನ್ನೂ ಕೇಳಿದೆ. “ಮೊಳಕೆಯ ಟಾನಿಕ್ ಮೇಡಂ, ಪೂರ್ತಿ ನೈಸರ್ಗಿಕ.” ಟಾನಿಕ್ಕಂತೆ! ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಲೇಪಿಸಿದರೆ ವಿಷ ಗಿಡದೊಳಗೇ ಏರಿ ಪರಾಗ, ಮಕರಂದದವರೆಗೂ ತಲುಪುತ್ತದೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಹೊರಾಂಗಣ ಬೆಳೆಗಳಿಗೆ ಅದರ ಬಳಕೆ ನಿಷೇಧಿಸಿದ್ದು ಜೇನಿನ ಕಾರಣಕ್ಕೇ. ನನ್ನ ಪೊಟ್ಟಣದಲ್ಲಿ ಯಾವ ಔಷಧಿ ಇತ್ತೋ, ಮೇಲೆ ಒಂದಕ್ಷರವಿಲ್ಲ. ಗುಲಾಬಿ ಬೀಜಗಳನ್ನು ಬೇರೆ ತೆಗೆದಿಟ್ಟು ಉಳಿದವನ್ನು ಬಿತ್ತಿದೆ.

ಹೂ ಬಿಟ್ಟ ದಿನ ಪಕ್ಕದ ಹೊಲದ ಅಜ್ಜಿ ಬೇಲಿಯ ಆಚೆ ನಿಂತು ನೋಡಿದರು. ಬೀದಿಯವರಿಗೆಲ್ಲ ‘ನಮ್ಮ ಕಾಡು ಹೂ’ ಎಂದು ನಾನು ಮೊದಲೇ ಸಾರಿಯಾಗಿತ್ತು. “ಇದು ನನ್ನ ಮೊಮ್ಮಗಳ ಶಾಲೆಯಲ್ಲಿ ಇರುವ ಹೂವಲ್ಲವೇನವ್ವಾ? ದುಡ್ಡು ಕೊಟ್ಟು ತರಿಸಿದೆಯಾ?” ಎಂದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಇಡೀ ಪಾತಿಯ ತುಂಬ ಕಾಸ್ಮಾಸ್, ಕಾಸ್ಮಾಸ್, ಕಾಸ್ಮಾಸ್. ಒಂದೇ ಒಂದು ತುಂಬೆ ಗಿಡವಿಲ್ಲ.

ಮಾರಿದವನಿಗೆ ಬರೆದರೆ ಬಂದ ಉತ್ತರ ನೋಡಿ: “ಜೇನು ಬರುತ್ತಿದೆ ತಾನೇ ಮೇಡಂ? ಮತ್ತೇನು ಬೇಕು?” ಬರುತ್ತದೆ ಸ್ವಾಮೀ, ತುಡುವೆ ಜೇನು ಕಾಸ್ಮಾಸಿಗೂ ಬರುತ್ತದೆ. ಆದರೆ ರಸ ಕುಡಿದ ಚಿಟ್ಟೆ ಮೊಟ್ಟೆ ಎಲ್ಲಿಡಬೇಕು? ಆವರಿಕೆಯ ಎಲೆ ತಿಂದು ಬೆಳೆಯುವ ಹುಳುವಿಗೆ ಮೆಕ್ಸಿಕೋದ ಗಿಡ ಯಾವ ಪ್ರಯೋಜನಕ್ಕೆ? ಆವರಿಕೆಯ ಕೇಸರದ ತುದಿಯಲ್ಲಿ ಸಣ್ಣ ರಂಧ್ರವಿರುತ್ತದೆ. ಮರ ಕೊರೆಯುವ ದಪ್ಪ ದುಂಬಿ ಹೂವನ್ನು ಅಪ್ಪಿ ಝೇಂಕರಿಸಿದಾಗ ಪರಾಗ ಉದುರುತ್ತದೆ. ಅದನ್ನು ನೋಡಬೇಕೆಂದೇ ನಾನು ದುಡ್ಡು ಕೊಟ್ಟಿದ್ದು. ಇದನ್ನೆಲ್ಲ ಬರೆದೆ. “ಪ್ರಕೃತಿಗೆ ದೇಶ–ವಿದೇಶ ಎಂಬ ಭೇದವಿಲ್ಲ ಮೇಡಂ” ಎಂದ. ಹಾಗಾದರೆ ಪೊಟ್ಟಣದ ಮೇಲೆ ಪಶ್ಚಿಮ ಘಟ್ಟ ಯಾಕಯ್ಯಾ? ಹಣ ವಾಪಸ್ ಕೇಳಿದ್ದಕ್ಕೆ “ಬಿತ್ತಿದ ಬೀಜಕ್ಕೆ ಮರುಪಾವತಿ ಇಲ್ಲ” ಎಂದು ಹೇಳಿ ನನ್ನ ನಂಬರನ್ನೇ ಬ್ಲಾಕ್ ಮಾಡಿದ. ‘ಬಿತ್ತಿ ನೋಡಿ’ ಎಂದವನೂ ಇವನೇ!

‘ಮಿಶ್ರಣ’ ಎಂದು ಮಾರುವವರ ಹತ್ತಿರ ಹೋಗಲೇಬೇಡಿ. ಒಂದೊಂದು ಬೀಜಕ್ಕೂ ಸಸ್ಯಶಾಸ್ತ್ರದ ಹೆಸರು, ಸಂಗ್ರಹಿಸಿದ ಊರು ಕೇಳಿ. ತಡವರಿಸಿದರೆ ಅಲ್ಲಿಗೇ ಬಿಡಿ. ಬಣ್ಣ ಹಚ್ಚಿದ ಬೀಜ ಬೇಡವೇ ಬೇಡ. ತುಂಬೆಯ ಒಣಗಿದ ತೆನೆಯನ್ನು ಕಾಗದದ ಮೇಲೆ ಕೊಡವಿದರೆ ಬೀಜ ತಾನಾಗಿ ಉದುರುತ್ತದೆ. ಗಿಜಿಗಿಜಿ ಕಾಯಿಯನ್ನು ಒಣಗಿ ಸದ್ದು ಮಾಡತೊಡಗಿದ ಮೇಲೆ ಕಿತ್ತರೆ ಸಾಕು. ಇದರ ಬೀಜಕ್ಕೂ ಆವರಿಕೆ ಬೀಜಕ್ಕೂ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಿತ್ತಿ. ಅಜ್ಜಿ ತಮ್ಮ ಬದುವಿನ ತುಂಬೆ ಬೀಜ ಕೊಡುತ್ತೇನೆ ಎಂದಿದ್ದಾರೆ, ನಗುತ್ತಲೇ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿಮಗೂ ಇದೇ ಆಗಿದ್ದರೆ ನೀವೂ ಕೊಡಿ. ಕಾಸ್ಮಾಸನ್ನು ಬೀಜ ಕಟ್ಟುವ ಮೊದಲೇ ಕಿತ್ತುಹಾಕಿ. ಆದರೆ ಕೀಳುವ ಮುನ್ನ ಹೂವಿನ ಪಕ್ಕದಲ್ಲಿ ಆ ಪೊಟ್ಟಣ ಹಿಡಿದು ಒಂದು ಫೋಟೊ ತೆಗೆದಿಡಿ.