ಕುದುರೆ ಕದ್ದವಳ ನೋಟು: ಒಬ್ಬ ಹಳೆಯ ಕ್ಯಾಷಿಯರನ ವಿಮರ್ಶೆ

ಮೂವತ್ತೈದು ವರ್ಷ ಮೈಸೂರಿನ ಬ್ಯಾಂಕೊಂದರಲ್ಲಿ ನೋಟು ಎಣಿಸಿ ನಿವೃತ್ತನಾದವನು ನಾನು. ಸಿಡ್ನಿಯ ಮಗಳ ಮನೆಗೆ ಹೋದಾಗ ಜೊತೆಯವರೆಲ್ಲ ಒಪೆರಾ ಹೌಸನ್ನು ನೋಡುತ್ತಿದ್ದರೆ ನಾನು ಕೈಯಲ್ಲಿದ್ದ 20 ಡಾಲರ್ ನೋಟನ್ನು ನೋಡುತ್ತಿದ್ದೆ. ಹೆಬ್ಬೆರಳಿನ ಚಟ ಪಿಂಚಣಿ ಬಂದರೂ ಬಿಡುವುದಿಲ್ಲ.

ಮೊದಲು ಮಾಲಿನ ಗುಣ. ಕೆಂಪು ಬಣ್ಣದ ಪ್ಲಾಸ್ಟಿಕ್ ನೋಟು, 2019ರಲ್ಲಿ ಬಂದ ಸರಣಿ. ಮೇಲಿನಿಂದ ಕೆಳಗಿನವರೆಗೆ ಒಂದು ಪಾರದರ್ಶಕ ಪಟ್ಟಿ, ಅದರೊಳಗೆ ನಮ್ಮ ಮಿಂಚುಳ್ಳಿಯ ದಾಯಾದಿಯಾದ ಕೂಕಬರ್ರಾ ಹಕ್ಕಿ. ನೋಟನ್ನು ಓರೆ ಮಾಡಿದರೆ ಅದು ರೆಕ್ಕೆ ಆಡಿಸುತ್ತದೆ. ನಾನು ಹತ್ತು ಸಲ ಆಡಿಸಿದ್ದೇನೆ, ಮೊಮ್ಮಗಳು ಎರಡೇ ಸಲಕ್ಕೆ ಬೇಸತ್ತಳು. ಕಣ್ಣು ಕಾಣದವರಿಗಾಗಿ ಉದ್ದನೆಯ ಅಂಚುಗಳಲ್ಲಿ ಮೂರು ಉಬ್ಬು ಚುಕ್ಕಿಗಳಿವೆ. ಅಳಿಯ ಪ್ಯಾಂಟಿನ ಜೇಬಿನಲ್ಲೇ ಮರೆತದ್ದು ವಾಷಿಂಗ್ ಮೆಷಿನ್ನಿನಲ್ಲಿ ಮಿಂದು ಮಡಿಯಾಗಿ ಹೊರಬಂತು, ಒಂದು ಗೆರೆಯೂ ಅಳಿಸಿರಲಿಲ್ಲ.

ಆದರೆ ಮಡಿಸಿದರೆ ಮಡಿಕೆ ನಿಲ್ಲುವುದಿಲ್ಲ, ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಹೊಸ ನೋಟುಗಳು ಒಂದಕ್ಕೊಂದು ಅಂಟಿಕೊಂಡು ಬೆರಳಿಗೆ ಮೋಸ ಮಾಡುತ್ತವೆ. ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಎಣಿಸುವ ನಮ್ಮ ವಿದ್ಯೆ ಇಲ್ಲಿ ನಡೆಯದು. ಅದಕ್ಕಾಗಿ ಐದರಲ್ಲಿ ಒಂದು ನಕ್ಷತ್ರ ಕಡಿತ. 2014ರಲ್ಲಿ 10 ರೂಪಾಯಿಯ ಪ್ಲಾಸ್ಟಿಕ್ ನೋಟನ್ನು ಮೈಸೂರು ಸೇರಿದಂತೆ ಐದು ನಗರಗಳಲ್ಲಿ ಪರೀಕ್ಷಿಸುವುದಾಗಿ ಸಂಸತ್ತಿನಲ್ಲಿ ಹೇಳಿದ್ದರು. ನಾನು ಕೌಂಟರಿನಲ್ಲಿ ಕಾದದ್ದೇ ಬಂತು.

ಇನ್ನು ನೋಟಿನ ಮೇಲಿನ ಮುದುಕಿ. ನೆರಿಗೆಯ ಟೊಪ್ಪಿಗೆ, ಪುಟ್ಟ ದುಂಡು ಕನ್ನಡಕ, ಸಾಲ ಕೇಳಲು ಬಂದವನನ್ನು ಅಳೆಯುವ ನೋಟ. ಯಾವುದೋ ರಾಣಿಯ ಸಂಬಂಧಿಯಿರಬೇಕು ಎಂದುಕೊಂಡೆ. ಮಗಳು ನಕ್ಕು, "ಕುದುರೆ ಕಳ್ಳಿ ಅಪ್ಪಾ" ಎಂದಳು.

ಹೆಸರು ಮೇರಿ ರೀಬಿ. 1777ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಹುಟ್ಟಿದವಳು. ಮನೆಗೆಲಸದಿಂದ ಓಡಿಹೋಗಿ, ಗಂಡುಡುಗೆ ತೊಟ್ಟು, ಜೇಮ್ಸ್ ಬರೋ ಎಂದು ಹೆಸರು ಹೇಳಿಕೊಂಡು ತಿರುಗುತ್ತಿದ್ದಾಗ ಕುದುರೆ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದಳು. ಏಳು ವರ್ಷ ಗಡೀಪಾರು. 1792ರ ಅಕ್ಟೋಬರಿನಲ್ಲಿ 'ರಾಯಲ್ ಅಡ್ಮಿರಲ್' ಹಡಗಿನಿಂದ ಸಿಡ್ನಿಯಲ್ಲಿ ಇಳಿದಾಗ ಅವಳಿಗೆ ಹದಿನೈದು. ಮೇಜರ್ ಗ್ರೋಸ್ ಎಂಬ ಅಧಿಕಾರಿಯ ಮನೆಯಲ್ಲಿ ಮಕ್ಕಳನ್ನು ಆಡಿಸುವ ಕೆಲಸ ಸಿಕ್ಕಿತು. ಎರಡು ವರ್ಷಕ್ಕೆ ಮದುವೆ. ಗಂಡ ಥಾಮಸ್ ರೀಬಿ, ನಮ್ಮನ್ನು ಆಳಿದ ಅದೇ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿದ್ದ ಐರಿಷ್ ಯುವಕ. ಇಬ್ಬರೂ ಧಾನ್ಯ, ಹಡಗು ಎಂದು ವ್ಯಾಪಾರ ಬೆಳೆಸಿದರು. 1811ರಲ್ಲಿ ಅವನು ತೀರಿಕೊಂಡಾಗ ಏಳು ಮಕ್ಕಳೂ ಅಷ್ಟೂ ವಹಿವಾಟೂ ಇವಳ ತಲೆಯ ಮೇಲೆ ಬಂದವು. ಇವಳು ಮುಳುಗಲಿಲ್ಲ, ಇನ್ನಷ್ಟು ಕಟ್ಟಿದಳು. 1817ರಲ್ಲಿ ಆ ದೇಶದ ಮೊದಲ ಬ್ಯಾಂಕು ಬಾಗಿಲು ತೆರೆದದ್ದು ಮ್ಯಾಕ್ವಾರಿ ಪ್ಲೇಸಿನ ಇವಳ ಕಟ್ಟಡದಲ್ಲಿ, ಬಾಡಿಗೆಗೆ! ಜಾಮೀನಿಲ್ಲದೆ ಹಸುವಿನ ಸಾಲವನ್ನೂ ಕೊಡದ ಕಸುಬಿನವನಾದ ನನಗೆ ಇದನ್ನು ಅರಗಿಸಿಕೊಳ್ಳಲು ಎರಡು ಲೋಟ ಕಾಫಿ ಬೇಕಾಯಿತು.

ಆ ಕಾಫಿಗೆ ಹೋದ ಅಂಗಡಿಯಲ್ಲಿ ಇದೇ ನೋಟು ಚಾಚಿದರೆ "ಕಾರ್ಡ್ ಮಾತ್ರ" ಎಂದರು. ಮಗಳ ಕಾರ್ಡು ಕೆಲಸಕ್ಕೆ ಬಂತು, ಮೇರಿ ವಾಪಸ್ ಜೇಬಿಗೆ.

ಇವಳೊಬ್ಬಳೇ ಅಲ್ಲ. ಅಲ್ಲಿನ ಮೊದಲ 10 ಡಾಲರ್ ನೋಟಿನ ಮೇಲಿದ್ದ ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ನಕಲಿ ದಸ್ತಾವೇಜಿನ ಅಪರಾಧಕ್ಕೆ ಗಡೀಪಾರಾದವನು. ಫೋರ್ಜರಿ ಮಾಡಿದವನ ಮುಖ ಕರೆನ್ಸಿಯ ಮೇಲೆ! ನಮ್ಮ ಇನ್‌ಸ್ಪೆಕ್ಷನ್ ವಿಭಾಗದವರಿಗೆ ಹೇಳಿದರೆ ಎದೆ ಹಿಡಿದುಕೊಳ್ಳುತ್ತಾರೆ.

ನನಗೆ ಇಷ್ಟವಾದದ್ದು ಇನ್ನೊಂದು ಸಂಗತಿ. 1820ರಲ್ಲಿ ಮೇರಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಸಿರಿವಂತೆಯಾಗಿ ಹುಟ್ಟೂರಿಗೆ ಹೋಗಿ, ಮರುವರ್ಷ ಹಿಂದಿರುಗಿದಳು. 1828ರ ಜನಗಣತಿಯಲ್ಲಿ ಕೈದಿಯಾಗಿ ಬಂದೆಯೋ, ಸ್ವತಂತ್ರಳಾಗಿ ಬಂದೆಯೋ ಎಂಬ ಕಲಮಿಗೆ ಅವಳು ಬರೆಸಿದ್ದು: ಸ್ವತಂತ್ರಳಾಗಿ, 1821ರಲ್ಲಿ. ಮೊದಲ ಪ್ರಯಾಣದ ಮಾತೇ ಇಲ್ಲ. ಒಂದಕ್ಷರ ಸುಳ್ಳೂ ಇಲ್ಲ. ಇಂಥ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ಕನ್ನಡಕ ತೆಗೆದು ಒಮ್ಮೆ ಅವಳ ಮುಖ ನೋಡಿ, ಸೀಲು ಒತ್ತಿ ಮುಂದಿನ ಕೌಂಟರಿಗೆ ಕಳಿಸುತ್ತಿದ್ದೆ.