ಕೋಲ್ಡ್ ವಾಟರ್ಸ್: ಬೆರಳಿಗಿಂತ ಕಿವಿಗೇ ಕೆಲಸ ಜಾಸ್ತಿ

ಸಮುದ್ರ ಯುದ್ಧದ ಗೇಮ್ ಅಂದರೆ ಢಮಢಮ ಅಂತ ಫಿರಂಗಿ ಹಾರಿಸುವುದು ಅಂದುಕೊಂಡವರು ಇದರ ತಂಟೆಗೆ ಬರಬೇಡಿ. ಕಿಲ್ಲರ್‌ಫಿಶ್ ಗೇಮ್ಸ್‌ನವರು 2017ರಲ್ಲಿ ತಂದ ಕಂಪ್ಯೂಟರ್ ಆಟ ಇದು. ಇದರ ಕಥೆಯಲ್ಲಿ ಶೀತಲ ಸಮರ ನಿಜವಾದ ಯುದ್ಧವೇ ಆಗಿಬಿಟ್ಟಿದೆ. ನೀವು ಅಮೆರಿಕದ ಸಬ್‌ಮರೀನ್ ಕ್ಯಾಪ್ಟನ್.

ಶತ್ರು ಇಲ್ಲಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳಬೇಕು. ಸದ್ದು ಸಿಕ್ಕರೂ ಮೊದಲಿಗೆ ಗೊತ್ತಾಗುವುದು ದಿಕ್ಕು ಮಾತ್ರ. ದೂರ, ವೇಗ, ಎತ್ತ ಹೊರಟಿದೆ ಎಂಬುದೆಲ್ಲ ನಿಧಾನವಾಗಿ ಲೆಕ್ಕಕ್ಕೆ ಬರುತ್ತದೆ. ಲೆಕ್ಕ ಎಷ್ಟು ಪಕ್ಕಾ ಅಂತ ಪರದೆಯಲ್ಲಿ ಶೇಕಡಾ ಅಂಕಿ ಏರುತ್ತಾ ಹೋಗುತ್ತದೆ. ಅವಸರಕ್ಕೆ ವೇಗ ಹೆಚ್ಚಿಸಿದರೆ ನಮ್ಮದೇ ಗದ್ದಲದಲ್ಲಿ ಸೋನಾರ್, ಅಂದರೆ ನೀರಿನೊಳಗಿನ ಸದ್ದು ಹಿಡಿಯುವ ಉಪಕರಣ, ಕಿವುಡಾಗುತ್ತದೆ. 'ಪಿಂಗ್' ಕೊಟ್ಟು, ಅಂದರೆ ನಾವೇ ಸದ್ದು ಮಾಡಿ ಅದರ ಪ್ರತಿಧ್ವನಿ ಕೇಳಿ, ದೂರ ಅಳೆಯಬಹುದು, ನಿಜ. ಆದರೆ ಅದು ಮದುವೆಮನೆಯಲ್ಲಿ ಮೈಕ್ ಹಿಡಿದು ಗುಟ್ಟು ಹೇಳಿದ ಹಾಗೆ! "ಬರೀ ನೀಲಿ ಪರದೆ ನೋಡ್ತಾ ಕೂತಿದ್ದೀರಲ್ಲ, ಆಟ ಯಾವಾಗ ಶುರು?" ಅಂತ ನನ್ನ ಹೆಂಡತಿ ಕೇಳಿದ್ದಳು. ಆಟ ಅರ್ಧ ಮುಗಿದಿತ್ತು.

ಮೊನ್ನೆ ವಿಕ್ಟರ್-3 ಎಂಬ ಸೋವಿಯತ್ ಸಬ್‌ಮರೀನ್ ಒಂದು ಸಿಕ್ಕಿತು. ಐದು ನಾಟ್ (ಗಂಟೆಗೆ ಸುಮಾರು ಒಂಬತ್ತು ಕಿ.ಮೀ.) ವೇಗದಲ್ಲಿ ತೆವಳುತ್ತಾ ಅದರ ಬೆನ್ನು ಹಿಡಿದೆ. ನೇರವಾಗಿ ಟಾರ್ಪಿಡೊ (ನೀರಿನೊಳಗೆ ಓಡಿ ಹೊಡೆಯುವ ಅಸ್ತ್ರ) ಬಿಟ್ಟರೆ ಆ ಸದ್ದು ಬಂದ ಕಡೆಗೇ ಅವರೂ ಒಂದು ಬಿಡುತ್ತಾರೆ. ಹಾಗಾಗಿ ನನ್ನ ಮಾರ್ಕ್ 48 ಟಾರ್ಪಿಡೊವನ್ನು ಮೊದಲು ಪಕ್ಕಕ್ಕೆ ಕಳಿಸಿದೆ. ಅದರ ಬಾಲಕ್ಕೆ ತಂತಿ ಇರುತ್ತದೆ, ಆ ತಂತಿಯ ಮೂಲಕವೇ ದಾರಿ ತಿರುಗಿಸಬಹುದು. ದೂರ ಹೋದ ಮೇಲೆ ವಿಕ್ಟರ್ ಕಡೆ ತಿರುಗಿಸಿದೆ. ಅವರ ಟಾರ್ಪಿಡೊ ನಾನಿಲ್ಲದ ದಿಕ್ಕಿಗೆ ಓಡಿತು. ಅಷ್ಟು ಹೊತ್ತು ನಾನು ಟಾರ್ಪಿಡೊ ಬಿಟ್ಟ ಕೊಳವೆಯನ್ನು (ಟ್ಯೂಬ್) ಮುಚ್ಚಲಿಲ್ಲ. ಮರುಲೋಡ್ ಮಾಡಲು ಹೋದರೆ ತಂತಿ ಕಡಿದುಹೋಗುತ್ತದೆ.

ಹೋರಾಟದ ನಡುವಿನ ದೊಡ್ಡ ನಕ್ಷೆ ಮಾತ್ರ ಸಪ್ಪೆ. ಸುಮ್ನೆ ಒಂದು ಚುಕ್ಕೆಯ ಹಿಂದೆ ಇನ್ನೊಂದು ಚುಕ್ಕೆ ಓಡಿಸುವುದು, ಅಷ್ಟೇ. ಕೀಬೋರ್ಡ್ ಕೀಲಿಗಳು ಕೈಗೆ ಹತ್ತಲೂ ಸಮಯ ಬೇಕು. ತರಬೇತಿಯ ಭಾಗಗಳನ್ನು ದಾಟಿಸಿ ಹೋಗಬೇಡಿ. ಹೆಡ್‌ಫೋನ್ ಇದ್ದರೆ ಇನ್ನೂ ಚೆನ್ನ.

ಹೊಸಬರು ಆಟದಲ್ಲಿರುವ 1984ರ ಕಾಲ್ಪನಿಕ ಯುದ್ಧದಿಂದ ಶುರು ಮಾಡಿ. 1968ರದ್ದು ಕಬ್ಬಿಣದ ಕಡಲೆ. ಆ ಕಾಲದ ಮಾರ್ಕ್ 37 ಟಾರ್ಪಿಡೊ ಓಡುವುದೇ ಸುಮಾರು 26 ನಾಟ್. ಸೋವಿಯತ್‌ನ ನವೆಂಬರ್ ಸಬ್‌ಮರೀನ್ ಅದಕ್ಕಿಂತ ಜೋರು. ಬೆನ್ನಟ್ಟಿದರೆ ಸಿಗುವ ಮಾತೇ ಇಲ್ಲ, ಅದು ಬರುವ ದಾರಿಯಲ್ಲಿ ಮೊದಲೇ ಹೋಗಿ ಕೂತಿರಬೇಕು.